ನಡೆದು ಬಂದವರ ಶಾಲೆ

ಬಸವನಗುಡಿ ನ್ಯಾಷನಲ್ ಹೈಸ್ಕೂಲಿನ ಚರಿತ್ರೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ಕೇಳಿದಾಗ, ‘ಸ್ವಾಮಿ, ನಾನು ಅಲ್ಲಿ ಓದಿದವನಲ್ಲ’ ಎಂದೆ. ‘ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಓದಿದವರ ಕೈಲಿ ಬರೆಸಿದರೆ ಮೇಷ್ಟ್ರುಗಳ ಅಡ್ಡಹೆಸರಲ್ಲೇ ಪುಟ ತುಂಬಿಹೋಗತ್ತೆ’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ಓದಿದ್ದು ಬೇರೊಂದು ಶಾಲೆ; ಅದರ ಹೆಸರು ಇಲ್ಲಿ ಬೇಡ. ಎಂಟನೇ ತರಗತಿಯಲ್ಲಿ ಎರಡು ತಿಂಗಳ ಫೀಸು ಬಾಕಿ ಉಳಿಯಿತೆಂದು ಅಲ್ಲಿ ನನ್ನನ್ನು ಒಂದು ವಾರ ತರಗತಿಯ ಹೊರಗೆ ನಿಲ್ಲಿಸಿದ್ದರು. ಅಂದಿನಿಂದ ಯಾವ ಶಾಲೆಯ ಮುಂದೆ ಹಾದುಹೋದರೂ ನನಗೆ ಬರುವ ಪ್ರಶ್ನೆ ಒಂದೇ: ಈ ಗೇಟಿನೊಳಗೆ ಯಾರು ಯಾರು ಬಂದರು, ಹೇಗೆ ಬಂದರು? ಈ ಲೇಖನವನ್ನೂ ಆ ಪ್ರಶ್ನೆ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಕಟ್ಟಡ, ಫಲಿತಾಂಶ, ರ‍್ಯಾಂಕುಗಳ ಪಟ್ಟಿ ಬೇಕಾದವರಿಗೆ ಇಲ್ಲಿ ಹೆಚ್ಚೇನೂ ಸಿಕ್ಕದು.

ಬಸವನಗುಡಿಯನ್ನು ‘ಊರ ಹೊರಗೆ’ ಎಂದರೆ ಈಗ ಆಟೋದವರು ಕೂಡ ನಕ್ಕಾರು. ಹೊರಗೆ ಎಂಬುದು ಈಗ ಕೆಂಗೇರಿಯಿಂದಾಚೆಗೋ ಯಲಹಂಕದಿಂದಾಚೆಗೋ ಓಡಿಹೋಗಿದೆ. ಆದರೆ ಈ ಬಡಾವಣೆ ಹುಟ್ಟಿದ್ದು ಊರ ಹೊರಗೇ. ಪೇಟೆಯ ಇಕ್ಕಟ್ಟು ಬಿಡಿಸಲು 1892ರಲ್ಲಿ ಚಾಮರಾಜಪೇಟೆ ಆಯಿತು. ಅದೇ ದಶಕದಲ್ಲಿ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎಂದು ಎರಡು ಬಡಾವಣೆಗಳ ನಕ್ಷೆ ಸಿದ್ಧವಾಯಿತು. ನಕ್ಷೆ ಕಾಗದದಲ್ಲೇ ನಿಧಾನವಾಗಿ ಆಕಳಿಸುತ್ತಿದ್ದಾಗ 1898ರಲ್ಲಿ ರೈಲು ಹತ್ತಿ ಪ್ಲೇಗು ಬಂತು. ಕೆಂಪೇಗೌಡನ ಕಾಲದ ಬಸವಣ್ಣ ಕಡಲೆಕಾಯಿ ಹೊಲಗಳ ನಡುವೆ ಒಬ್ಬನೇ ಕೂತಿದ್ದ ಗುಡ್ಡದ ಸುತ್ತ ಜನ ಮನೆ ಕಟ್ಟಿಕೊಳ್ಳತೊಡಗಿದ್ದು ಆಮೇಲೆ. ನೇರ ರಸ್ತೆ, ಗಾಳಿ ಬೆಳಕಿಗೆ ಜಾಗ, ಮನೆಯ ಹಿಂದೆ ಜಾಡಮಾಲಿಗಳು ಓಡಾಡಲು ಪ್ರತ್ಯೇಕ ಗಲ್ಲಿ. ಆರೋಗ್ಯಶಾಸ್ತ್ರ ತಿಳಿದವರು ಹಾಕಿದ ನಕ್ಷೆ ಅದು. ಜಾತಿಶಾಸ್ತ್ರವನ್ನೂ ಅವರು ಮರೆತಿರಲಿಲ್ಲ. ಯಾವ ಬ್ಲಾಕಿನಲ್ಲಿ ಯಾವ ಜಾತಿಯವರು ಎಂಬ ಲೆಕ್ಕವೂ ಅದರಲ್ಲೇ ಇತ್ತು. ರೋಗ ದೂರ ಇಡಲು ಕಟ್ಟಿದ ಬಡಾವಣೆ ಇನ್ನೂ ಕೆಲವನ್ನು ದೂರ ಇಟ್ಟಿತ್ತು ಎಂಬುದನ್ನು ಸ್ಮರಣ ಸಂಚಿಕೆಯಲ್ಲಿ ಹೇಳಬಾರದೆಂದೇನಿಲ್ಲವಲ್ಲ.

ಹೊಸ ಬಡಾವಣೆಗೆ ಬಂದವರು ಹೆಚ್ಚಾಗಿ ಸಂಬಳದವರು: ಗುಮಾಸ್ತರು, ವಕೀಲರು, ಮೇಷ್ಟ್ರುಗಳು, ಪಿಂಚಣಿ ಪಡೆದ ಅಮಲ್ದಾರರು, ಇಂಜಿನಿಯರುಗಳು. ಹೊಲ ಇಲ್ಲ, ಅಂಗಡಿ ಇಲ್ಲ. ಮಕ್ಕಳಿಗೆ ಬಿಟ್ಟುಹೋಗಲು ಇದ್ದ ಆಸ್ತಿ ಎಂದರೆ ಓದು. ಚಾಮರಾಜಪೇಟೆ ಕಡೆ 1907ರಲ್ಲಿ ಸರ್ಕಾರದ ಕೋಟೆ ಹೈಸ್ಕೂಲು ಎದ್ದಿತ್ತು. ಸಂಗೀತಪ್ರಿಯರಿಗೆ ಆ ಕಟ್ಟಡ ಗೊತ್ತಿರುತ್ತದೆ. ರಾಮನವಮಿಯ ಕಚೇರಿಗಳು ನಡೆಯುತ್ತಾ ಬಂದಿರುವುದು ಅದರ ಅಂಗಳದಲ್ಲೇ. 1913ರಲ್ಲಿ ಹೆಣ್ಣುಮಕ್ಕಳ ಓದಿಗೆಂದು ಮಹಿಳಾ ಸೇವಾ ಸಮಾಜ ಹುಟ್ಟಿತು. ಹೀಗಿರುವಾಗ ಇನ್ನೊಂದು ಹೈಸ್ಕೂಲು ಬಂದರೆ ಅದರಲ್ಲಿ ವಿಶೇಷವೇನೂ ಇರಬೇಕಾಗಿರಲಿಲ್ಲ. ಆದರೆ ಬಂದ ವರ್ಷ 1917, ಬರಲು ಕಾರಣರಾದವರು ಆನಿ ಬೆಸೆಂಟ್.

ಬೆಸೆಂಟರ ಹೆಸರು ಈಗಿನ ಮಕ್ಕಳಿಗೆ ಪಠ್ಯಪುಸ್ತಕದ ‘ಬಿಟ್ಟ ಸ್ಥಳ ತುಂಬಿರಿ’ಯಲ್ಲಿ ಸಿಕ್ಕುವ ಹೆಸರು. 1847ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆ 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಸ್ಥಾಪಿಸಿದರು. 1907ರಿಂದ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿ ಅಡ್ಯಾರಿನಲ್ಲಿ ನೆಲೆಸಿದರು. 1916ರಲ್ಲಿ ಹೋಂರೂಲ್ ಲೀಗ್ ಶುರುಮಾಡಿದರು. ಹೋಂರೂಲಿನ ಸಭೆಗಳಿಗೆ ದೊಡ್ಡವರಿಗಿಂತ ಮೊದಲು ಓಡುತ್ತಿದ್ದವರು ವಿದ್ಯಾರ್ಥಿಗಳು. 1917ರ ಬೇಸಿಗೆಯಲ್ಲಿ ಮದರಾಸು ಸರ್ಕಾರ ವಿದ್ಯಾರ್ಥಿಗಳು ರಾಜಕೀಯ ಸಭೆಗಳಿಗೆ ಹೋಗಕೂಡದೆಂದು ಆಜ್ಞೆ ಹೊರಡಿಸಿತು. ಜೂನ್ ತಿಂಗಳಲ್ಲಿ ಬೆಸೆಂಟರನ್ನೂ ಅವರ ಜತೆಗಾರರಾದ ಜಾರ್ಜ್ ಅರುಂಡೇಲ್ ಮತ್ತು ಬಿ.ಪಿ. ವಾಡಿಯಾ ಅವರನ್ನೂ ಉದಕಮಂಡಲದಲ್ಲಿ ಬಂಧನದಲ್ಲಿಟ್ಟಿತು. ಆಕೆ ಅಲ್ಲಿಯೂ ಕೆಂಪು-ಹಸಿರಿನ ಹೋಂರೂಲ್ ಬಾವುಟ ಹಾರಿಸಿದರು. ದೇಶದಲ್ಲೆಲ್ಲ ಗದ್ದಲವಾಗಿ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು; ಆ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿಗೆ ಆಕೆಯೇ ಅಧ್ಯಕ್ಷೆ.

ಈ ಗಲಾಟೆಯಲ್ಲಿ ಪೆಟ್ಟು ತಿಂದದ್ದು ಶಾಲೆಗಳು. ನಮ್ಮ ಕೋಲಾರದ ಗಡಿಯಿಂದ ಅಷ್ಟೇನೂ ದೂರವಿಲ್ಲದ ಮದನಪಲ್ಲಿಯಲ್ಲಿ ಬೆಸೆಂಟರು 1915ರಲ್ಲಿ ಕಾಲೇಜು ತೆರೆದಿದ್ದರು. ಹುಡುಗರು ಹೋಂರೂಲಿನಲ್ಲಿ ಸೇರಿಕೊಂಡರೆಂದು ಮದರಾಸು ವಿಶ್ವವಿದ್ಯಾನಿಲಯ ಅದರ ಮಾನ್ಯತೆಯನ್ನೇ ಕಿತ್ತುಹಾಕಿತು. ಆಗ ಬೆಸೆಂಟರ ಕಡೆಯವರಿಗೆ ಹೊಳೆದದ್ದು ಇದು: ಸರ್ಕಾರದ ಹಂಗಿರುವ ತನಕ ಸರ್ಕಾರ ಕಿವಿ ಹಿಂಡುತ್ತಲೇ ಇರುತ್ತದೆ, ನಮ್ಮ ಶಾಲೆ, ನಮ್ಮ ಪಾಠಪಟ್ಟಿ, ನಮ್ಮದೇ ವಿಶ್ವವಿದ್ಯಾನಿಲಯ ಬೇಕು. ರಾಷ್ಟ್ರೀಯ ಶಿಕ್ಷಣದ ಪ್ರಸಾರಕ್ಕೆಂದೇ ಒಂದು ಸಂಘವಾಯಿತು. ಅಡ್ಯಾರಿನಲ್ಲಿ ನ್ಯಾಷನಲ್ ಯೂನಿವರ್ಸಿಟಿ ಹುಟ್ಟಿ ರವೀಂದ್ರನಾಥ ಠಾಕೂರರು ಅದರ ಕುಲಾಧಿಪತಿಗಳಾದರು. ಆ ಅಲೆಯ ಒಂದು ತೆರೆ ಬಸವನಗುಡಿಗೂ ತಲುಪಿ ನ್ಯಾಷನಲ್ ಹೈಸ್ಕೂಲು ಆಯಿತು.

ಈ ತೆರೆ ಬೆಂಗಳೂರಿನಲ್ಲಿ ದಡ ಕಂಡದ್ದಕ್ಕೆ ನನ್ನ ಲೆಕ್ಕದಲ್ಲಿ ಇನ್ನೊಂದು ಕಾರಣವಿದೆ. ಆಗಿನ ಬೆಂಗಳೂರು ಎರಡು ಊರು. ಕಂಟೋನ್ಮೆಂಟು ಬ್ರಿಟಿಷರದು, ಪೇಟೆ ಮೈಸೂರು ಮಹಾರಾಜರದು. ಮದರಾಸು ಸರ್ಕಾರದ ಆಜ್ಞೆ ಬಸವನಗುಡಿಯ ರಸ್ತೆಗಳಲ್ಲಿ ನಡೆಯುವಂತಿರಲಿಲ್ಲ. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ನಮ್ಮ ಕಾಲೇಜುಗಳಿಗೆ ಮದರಾಸಿನ ಋಣ ತೀರಿತ್ತು. ಮೈಸೂರು ಸಂಸ್ಥಾನ ರಾಜಕೀಯವನ್ನು ಮೆಚ್ಚುತ್ತಿತ್ತು ಎಂದಲ್ಲ. ಬ್ರಿಟಿಷ್ ರೆಸಿಡೆಂಟರು ಒಂದು ಕಣ್ಣನ್ನು ಸದಾ ಇತ್ತಲೇ ನೆಟ್ಟಿದ್ದರು. ಆದರೆ ಶಾಲೆ ತೆರೆಯುತ್ತೇವೆಂದು ಬಂದವರನ್ನು ತಡೆಯುವ ಜಾಯಮಾನ ಈ ಸಂಸ್ಥಾನಕ್ಕೆ ಇರಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ದೇಶಾಭಿಮಾನ ಕಲಿಸಲು ಹುಟ್ಟಿದ ಶಾಲೆಗೆ ಇಂಗ್ಲಿಷ್ ಹೆಸರು! ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ‘ರಾಷ್ಟ್ರೀಯ ಪ್ರೌಢಶಾಲೆ’ ಎಂದು ಕೇಳಿಕೊಂಡು ಹೋದವನಿಗೆ ಇಂದಿಗೂ ಗಾಂಧಿಬಜಾರಿನ ಹೂವಿನವರು ದಾರಿ ತೋರಿಸಲಾರರು. ‘ನ್ಯಾಷನಲ್ಲು’ ಎಂದರೆ ಸಾಕು. ಎಷ್ಟೋ ಮನೆಗಳಲ್ಲಿ ಅದು ಕ್ರಿಯಾಪದದ ಜಾಗದಲ್ಲೂ ನಿಲ್ಲುತ್ತದೆ: ‘ನಮ್ಮ ಭಾವಾನೂ ನ್ಯಾಷನಲ್ಲೇ.’

ಆಮೇಲಿನ ಹದಿನೈದು ವರ್ಷಗಳನ್ನು ಬೇಗ ದಾಟಬಹುದು. ರಾಷ್ಟ್ರೀಯ ಶಾಲೆಗಳೆಂಬ ಕನಸು ದೇಶದ ಬಹಳ ಕಡೆ ಬಾಡಿತು. 1920ರಲ್ಲಿ ಗಾಂಧೀಜಿ ಅಸಹಕಾರಕ್ಕೆ ಕರೆ ಕೊಟ್ಟಾಗ ಬೆಸೆಂಟರು ಅದನ್ನು ಒಪ್ಪಲಿಲ್ಲ. ನಿನ್ನೆ ಮೊನ್ನೆ ರಥ ಎಳೆದಿದ್ದ ಜನವೇ ಆಕೆಯಿಂದ ದೂರ ಸರಿದರು. ಅಸಹಕಾರದ ಬಿಸಿಯಲ್ಲಿ ಹುಟ್ಟಿದ ಶಾಲೆಗಳೂ ಬಿಸಿ ಆರುತ್ತಲೇ ಮುಚ್ಚಿಕೊಂಡವು. ಸರ್ಟಿಫಿಕೇಟು ಸಿಕ್ಕದ ಶಾಲೆಗೆ ಮಗನನ್ನು ಎಷ್ಟು ವರ್ಷ ಕಳಿಸಿಯಾರು? ಬಸವನಗುಡಿಯ ಶಾಲೆ ಉಳಿದದ್ದು ಹಟ ಸಡಿಲಿಸಿದ್ದರಿಂದ. ಸರ್ಕಾರದ ಪರೀಕ್ಷೆಯನ್ನೂ ಸರ್ಕಾರದ ಅನುದಾನವನ್ನೂ ಒಪ್ಪಿಕೊಂಡು, ಆಡಳಿತವನ್ನು ಮಾತ್ರ ತನ್ನ ಸಂಘದ ಕೈಯಲ್ಲೇ ಇಟ್ಟುಕೊಂಡು ನಡೆಯುವ ಶಾಲೆ ಅದಾಯಿತು. ಶುದ್ಧ ತತ್ತ್ವದವರು ಇದನ್ನು ರಾಜಿ ಎಂದಾರು. ನನಗೆ ಇದು ಸಂಸಾರಸ್ಥನ ಜಾಣತನದಂತೆ ಕಾಣುತ್ತದೆ. ಪಾಠಪಟ್ಟಿ ಸರ್ಕಾರದ್ದು, ಉಳಿದ ವೇಳೆ ನಮ್ಮದು. ಮೇಷ್ಟ್ರು ಖಾದಿ ಉಟ್ಟು ಬಂದರೆ ಯಾವ ಇನ್ಸ್‌ಪೆಕ್ಟರು ಏನು ಮಾಡಿಯಾನು?

ಇಂಥ ಶಾಲೆಯ ಗುಣ ಗೊತ್ತಾಗುವುದು ಹೆಡ್‌ಮಾಸ್ಟರರಿಂದ. ನ್ಯಾಷನಲ್ ಹೈಸ್ಕೂಲಿಗೆ ಕೆ. ಸಂಪದ್ಗಿರಿರಾಯರು ಸಿಕ್ಕಿದ್ದರು. ಥಿಯಾಸಫಿಯ ಶಿಸ್ತು, ಗಾಂಧಿಯ ಸರಳತೆ ಎರಡೂ ಕೂಡಿದ ಮನುಷ್ಯ. ಬೆಸೆಂಟರೂ ಗಾಂಧಿಯೂ ಹೊರಗೆ ಒಬ್ಬರನ್ನೊಬ್ಬರು ಒಪ್ಪದಿದ್ದಾಗ ಈ ಶಾಲೆಯೊಳಗೆ ಇಬ್ಬರಿಗೂ ಜಾಗವಿದ್ದದ್ದು ಇಂಥವರಿಂದ.

ಇನ್ನು ಈ ಚರಿತ್ರೆಯ ಮುಖ್ಯ ಭಾಗಕ್ಕೆ ಬರುತ್ತೇನೆ.

1935. ಗೌರಿಬಿದನೂರು ತಾಲ್ಲೂಕು ಆಗ ಕೋಲಾರ ಜಿಲ್ಲೆಯಲ್ಲಿತ್ತು. ಅಲ್ಲಿಯ ಹೊಸೂರಿನಿಂದ ಹದಿನೈದು ವರ್ಷದ ಹುಡುಗನೊಬ್ಬ ಬೆಂಗಳೂರಿಗೆ ಹೊರಟ. ಊರಿನಲ್ಲಿ ಪಾಠ ಹೇಳಿದ ಗುರುಗಳ ಭರವಸೆಯೊಂದೇ ಅವನ ಬಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿತ್ತು. ರೈಲಿಗೆ ಕೊಡಲು ದುಡ್ಡಿರಲಿಲ್ಲ. ಐವತ್ತು ಮೈಲಿಯ ಆಸುಪಾಸಿನ ದಾರಿಯನ್ನು ಹುಡುಗ ಎರಡು ದಿನ ನಡೆದ. ಬಂದು ಸೇರಿದ್ದು ನ್ಯಾಷನಲ್ ಹೈಸ್ಕೂಲು. ಹೆಸರು ಎಚ್. ನರಸಿಂಹಯ್ಯ.

ಈ ಕಥೆಯನ್ನು ನಾವು ಎಷ್ಟು ಸಲ ಹೇಳಿದ್ದೇವೆಂದರೆ ಅದು ಸವೆದ ನಾಣ್ಯವಾಗಿದೆ. ಬಡತನ, ಛಲ, ಸಾಧನೆ ಎಂದು ಮೂರು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನಾನು ಕೇಳುವುದು ಬೇರೆ. ಹುಡುಗನೇನೋ ನಡೆದು ಬಂದ; ಬಂದ ಮೇಲೆ ರಾತ್ರಿ ಎಲ್ಲಿ ಮಲಗಿದ? ಏನು ಉಂಡ?

ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಬೆಂಗಳೂರಿನಲ್ಲಿ ಎರಡು ದಾರಿಗಳಿದ್ದವು. ಒಂದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡರೆ ಊಟದ ಚಿಂತೆಯಿಲ್ಲ. ಆರು ಮನೆ ಸಿಕ್ಕಿ ಏಳನೆಯದು ಸಿಕ್ಕದವನಿಗೆ ಆ ದಿನ ಒಪ್ಪತ್ತು, ಇಲ್ಲವೆ ಉಪವಾಸ. ಉಣ್ಣುವ ಹುಡುಗ ನೀರು ಸೇದಿಕೊಡಬೇಕು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು, ಯಜಮಾನರ ಮುಖ ನೋಡಿ ಎರಡನೇ ಸಲ ಅನ್ನ ಕೇಳಬೇಕು. ಬಸವನಗುಡಿ, ಶಂಕರಪುರ, ಚಾಮರಾಜಪೇಟೆಯ ಅದೆಷ್ಟೋ ಅಡುಗೆಮನೆಗಳು ನಾಡಿಗೆ ಇಂಜಿನಿಯರುಗಳನ್ನೂ ಪ್ರೊಫೆಸರುಗಳನ್ನೂ ಹೀಗೆ ಬೆಳೆಸಿದವು. ಅನ್ನ ಬಡಿಸಿದ ತಾಯಂದಿರ ಹೆಸರು ಯಾವ ಶಾಲೆಯ ದಾನಿಗಳ ಫಲಕದಲ್ಲೂ ಇಲ್ಲ. ಆದರೆ ವಾರಾನ್ನ ಹೆಚ್ಚಾಗಿ ಬ್ರಾಹ್ಮಣ ಮನೆಗಳದು, ಬ್ರಾಹ್ಮಣ ಹುಡುಗರಿಗೆ. ಉಳಿದವರಿಗೆ ಇದ್ದದ್ದು ಎರಡನೆಯ ದಾರಿ, ಹಾಸ್ಟೆಲು. ಅದೂ ಆಯಾ ಸಮುದಾಯದ್ದು. ಗುಬ್ಬಿ ತೋಟದಪ್ಪನವರು 1903ರಲ್ಲಿ ಸ್ಥಾಪಿಸಿದ ಧರ್ಮಛತ್ರದ ಆಸರೆಯಲ್ಲಿ ನಡೆದ ವಿದ್ಯಾರ್ಥಿನಿಲಯ ಒಂದು ಕಡೆ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದ ನಿಲಯ ಇನ್ನೊಂದು ಕಡೆ. ಯಾವ ಜಾತಿಯ ನಿಲಯವೂ ತನ್ನದಲ್ಲದ, ಯಾವ ಮನೆಯ ಪಂಕ್ತಿಗೂ ಸೇರದ ಹುಡುಗನ ಪಾಡು ಕಷ್ಟದ್ದು. ನರಸಿಂಹಯ್ಯನವರಿಗೆ ಬಡ ವಿದ್ಯಾರ್ಥಿಗಳ ನಿಲಯವೊಂದು ಆಸರೆಯಾಯಿತು.

ಶಾಲೆಯ ಚರಿತ್ರೆಯನ್ನು ಹಾಜರಿ ಪುಸ್ತಕದಲ್ಲಿ ಹುಡುಕಬಾರದು, ಊಟದೆಲೆಯಲ್ಲಿ ಹುಡುಕಬೇಕು ಎಂದು ನಾನು ಸ್ನೇಹಿತರಲ್ಲಿ ವಾದಿಸುವುದುಂಟು. ಬೆಂಚಿನ ಮೇಲೆ ಅಮಲ್ದಾರರ ಮಗನ ಪಕ್ಕದಲ್ಲಿ ಕೂತವನು ಬೆಳಿಗ್ಗೆ ಏನು ತಿಂದು ಬಂದ ಎಂಬುದು ಹಾಜರಿ ಕೂಗುವ ಮೇಷ್ಟ್ರಿಗೆ ಗೊತ್ತಾಗುವ ಶಾಲೆ ಒಂದು ಥರ, ಗೊತ್ತಾಗದ ಶಾಲೆ ಇನ್ನೊಂದು ಥರ.

ಮಾರನೆಯ ವರ್ಷ, 1936ರಲ್ಲಿ, ಗಾಂಧೀಜಿ ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಬಂದರು. 1927ರಲ್ಲೂ ಹೀಗೆಯೇ ಬಂದಿದ್ದರು. ಬೆಟ್ಟದಿಂದಿಳಿದು ಬೆಂಗಳೂರಿಗೆ ಬಂದಾಗ ನ್ಯಾಷನಲ್ ಹೈಸ್ಕೂಲಿಗೆ ಭೇಟಿ ಕೊಟ್ಟು ಹಿಂದಿಯಲ್ಲಿ ಮಾತನಾಡಿದರು. ಅದನ್ನು ಕನ್ನಡಕ್ಕೆ ಹೇಳಲು ನಿಂತವನು ಒಂದು ವರ್ಷದ ಹಿಂದೆ ನಡೆದು ಬಂದಿದ್ದ ಅದೇ ಹುಡುಗ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ತೆಲುಗು ಮಾತೇ ಹೆಚ್ಚು ಕೇಳುವ ಗಡಿಸೀಮೆಯ ಹುಡುಗನೊಬ್ಬ ಗಾಂಧಿಯ ಹಿಂದಿಯನ್ನು ಕನ್ನಡಕ್ಕೆ ತರುವಷ್ಟು ಮುಂದಿದ್ದ. ಊರಿನ ದೊಡ್ಡ ಮನುಷ್ಯರು ಸಾಲುಗಟ್ಟಿ ನಿಂತಿರಬಹುದಾದ ಸಮಾರಂಭದಲ್ಲಿ ಹಾಸ್ಟೆಲಿನ ಹುಡುಗನನ್ನು ಗಾಂಧಿಯ ಪಕ್ಕ ನಿಲ್ಲಿಸುವ ಧೈರ್ಯ ಶಾಲೆಗೂ ಇತ್ತು. ಎರಡನೆಯದೇ ನನಗೆ ದೊಡ್ಡದಾಗಿ ಕಾಣುವುದು. ಈಗ ಮಂತ್ರಿಗಳು ಬಂದರೆ ಹೂಗುಚ್ಛ ಕೊಡಲು ಯಾರ ಮಗಳನ್ನು ಆರಿಸುತ್ತಾರೆ ಎಂಬುದು ಓದುಗರಿಗೆ ಗೊತ್ತಿದ್ದದ್ದೇ.

ಸಂಸ್ಥಾನ ಆಗಲೇ ಒಳಗೊಳಗೆ ಕುದಿಯುತ್ತಿತ್ತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರು. ವಿದುರಾಶ್ವತ್ಥ ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲೇ. ತಮ್ಮ ಸೀಮೆಯ ನೆಲದ ಮೇಲೆ ರಕ್ತ ಬಿದ್ದ ಸುದ್ದಿ ಆ ಭಾಗದಿಂದ ಬಂದು ಬೆಂಗಳೂರಿನ ಹಾಸ್ಟೆಲುಗಳಲ್ಲಿದ್ದ ಹುಡುಗರಿಗೆ ಹೇಗೆ ತಾಗಿರಬೇಕು! 1942ರಲ್ಲಿ ‘ಚಲೇಜಾವ್’ ಆದಾಗ ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದರು. ಓದು ಬಿಟ್ಟು ಸೆರೆಮನೆಗೆ ಹೋದರು. ತಿರುಗಿ ಬಂದು ಓದು ಮುಗಿಸಿದರು.

1945ನೇ ಇಸವಿ ಬಸವನಗುಡಿಯ ಮಟ್ಟಿಗೆ ಸುಗ್ಗಿಯ ವರ್ಷ. ಡಿ.ವಿ.ಜಿ. ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1917ರಲ್ಲಿ ಬೆಸೆಂಟರ ಜತೆ ಬಂಧನದಲ್ಲಿದ್ದರು ಎಂದೆನಲ್ಲ, ಆ ಬಿ.ಪಿ. ವಾಡಿಯಾ ಅದೇ ವರ್ಷ ಇದೇ ಬಡಾವಣೆಯಲ್ಲಿ ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಸ್ಥಾಪಿಸಿದರು. ಹೈಸ್ಕೂಲನ್ನು ನಡೆಸುತ್ತಿದ್ದ ನ್ಯಾಷನಲ್ ಎಜುಕೇಷನ್ ಸೊಸೈಟಿ ಅದೇ ವರ್ಷ ನ್ಯಾಷನಲ್ ಕಾಲೇಜನ್ನು ತೆರೆಯಿತು; ಸಂಪದ್ಗಿರಿರಾಯರು ಪ್ರಿನ್ಸಿಪಾಲರು. ಅರ್ಧ ಗಂಟೆಯ ನಡಿಗೆಯೊಳಗೆ ಮೂರು ಸಂಸ್ಥೆಗಳು. ಮರುವರ್ಷ ನರಸಿಂಹಯ್ಯ ಅಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿ ಸೇರಿದರು.

ಕಾಲೇಜು ಬಂದ ಮೇಲೆ ಹೈಸ್ಕೂಲು ಸ್ವಲ್ಪ ಮರೆಗೆ ಸರಿಯಿತು ಎಂದು ಹಳಬರು ಗೊಣಗುವುದುಂಟು. ತಮ್ಮ ಹುಟ್ಟಿದ ಮೇಲೆ ಅಣ್ಣನ ಪಾಡು ಹಾಗೆಯೇ. ಆದರೆ ನರಸಿಂಹಯ್ಯನವರ, ಅಂದರೆ ಎಚ್.ಎನ್. ಅವರ, ಕೆಲಸಗಳ ಬೇರು ಹುಡುಕಿದರೆ ನಾವು ಹೈಸ್ಕೂಲಿಗೇ ಬಂದು ನಿಲ್ಲುತ್ತೇವೆ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟು ಪಡೆದು ಬಂದವರು ಖಾದಿ ಪಂಚೆ, ಜುಬ್ಬ, ಟೋಪಿಯಲ್ಲೇ ಉಳಿದರು. ಪ್ರಿನ್ಸಿಪಾಲರಾದರು, ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ವಾಸ ಮಾತ್ರ ಹಾಸ್ಟೆಲಿನ ಕೋಣೆ. ಮದುವೆಯಾಗಲಿಲ್ಲ. ಹದಿನೈದರಲ್ಲಿ ಹಾಸ್ಟೆಲಿನ ಅನ್ನದಿಂದ ಓದಿದವರು ಕೊನೆಯ ತನಕ ಹಾಸ್ಟೆಲು ಬಿಡಲಿಲ್ಲ. ಅದನ್ನು ಸರಳತೆ ಎಂದು ಹೊಗಳಿ ಸುಮ್ಮನಾಗುತ್ತೇವೆ. ಹಳ್ಳಿಯಿಂದ ಬಂದ ಹುಡುಗನ ಪಕ್ಕದ ಕೋಣೆಯಲ್ಲೇ ಕುಲಪತಿ ಇರುತ್ತಾನೆ ಎಂಬುದು ಆ ಹುಡುಗನಿಗೆ ಎಷ್ಟು ದೊಡ್ಡ ಪಾಠವಾಗಿರಬೇಕು ಎಂದು ಯೋಚಿಸುವುದಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ನನ್ನ ಪ್ರಶ್ನೆಗೆ ನೇರ ಉತ್ತರ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಸೊಸೈಟಿಯ ಶಾಲೆ ಕಾಲೇಜುಗಳಾದವು. ತಮ್ಮ ಹುಟ್ಟೂರು ಹೊಸೂರಿನಲ್ಲಿ ನ್ಯಾಷನಲ್ ಹೈಸ್ಕೂಲು ತೆರೆಸಿದರು. ಶಾಲೆ ಹುಡುಕಿಕೊಂಡು ಎರಡು ದಿನ ನಡೆದವನು, ತನ್ನೂರಿನ ಮಕ್ಕಳು ಇನ್ನು ನಡೆಯಬೇಕಾಗಿಲ್ಲ ಎಂದು ಶಾಲೆಯನ್ನೇ ಅತ್ತ ನಡೆಸಿಕೊಂಡು ಹೋದ. ಪೇಟೆಯ ಶಾಲೆಗಳು ಶಾಖೆ ತೆರೆಯುವುದು ಸೈಟು ಸಿಕ್ಕ ಕಡೆ, ಫೀಸು ಕೊಡುವವರಿದ್ದ ಕಡೆ. ಬರಗಾಲದ ಸೀಮೆಗೆ ಶಾಖೆ ಹೋದದ್ದು ಅಪರೂಪ.

1962ರಲ್ಲಿ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ಪ್ರತಿ ಬುಧವಾರ ಸಂಜೆ ಉಪನ್ಯಾಸ, ಜುಲೈನಲ್ಲಿ ತಿಂಗಳಿಡೀ ವಿಜ್ಞಾನೋತ್ಸವ. ಟಿಕೆಟ್ಟಿಲ್ಲ, ಯಾರು ಬೇಕಾದರೂ ಬರಬಹುದು. ನಾನೂ ಹುಡುಗನಾಗಿದ್ದಾಗ ಹೋಗಿ ಕೂತವನೇ. ವೇದಿಕೆಯ ಮೇಲಿದ್ದವರು ಹೇಳಿದ್ದರಲ್ಲಿ ಕಾಲುಭಾಗ ಅರ್ಥವಾಗುತ್ತಿತ್ತು. ಆದರೆ ಕೊನೆಯಲ್ಲಿ ಪ್ರಶ್ನೆ ಕೇಳುವ ಹೊತ್ತಿಗೆ ಚಡ್ಡಿ ತೊಟ್ಟ ಹುಡುಗ ಎದ್ದು ನಿಂತರೂ ದೊಡ್ಡ ವಿಜ್ಞಾನಿಗಳು ‘ನೀನು’ ಎನ್ನದೆ ಉತ್ತರ ಕೊಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುಲಪತಿಗಳಾಗಿದ್ದಾಗ 1976ರಲ್ಲಿ ಎಚ್.ಎನ್. ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಬಡಾವಣೆಯ ಎಷ್ಟೋ ಮನೆಗಳಲ್ಲಿ ದೇವರ ಕೋಣೆಯ ಗೋಡೆಯಲ್ಲಿ ಬಾಬಾಗಳ ಪಟ, ಮಗನ ಬಾಯಲ್ಲಿ ಎಚ್.ಎನ್. ವಾದ, ಊಟದ ಹೊತ್ತಿಗೆ ಅಪ್ಪ ಮಗನ ಜಗಳ. ನಮ್ಮ ಮನೆಯಲ್ಲೂ ಆಯಿತು. ಅಪ್ಪ ಪಟ ತೆಗೆಯಲಿಲ್ಲ, ನಾನು ವಾದ ಬಿಡಲಿಲ್ಲ.

ಆಟದ ವಿಷಯವನ್ನು ಬಿಟ್ಟರೆ ಹಳೆಯ ವಿದ್ಯಾರ್ಥಿಗಳು ನನ್ನನ್ನು ಗೇಟಿನ ಬಳಿ ತಡೆದು ನಿಲ್ಲಿಸಿಯಾರು. ಅನಿಲ್ ಕುಂಬ್ಳೆ ಓದಿ ಬೆಳೆದದ್ದು ಈ ಹೈಸ್ಕೂಲಿನಲ್ಲಿ, ಪಿ.ಯು. ಓದಿದ್ದು ಸೊಸೈಟಿಯ ಕಾಲೇಜಿನಲ್ಲಿ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ ಸಂಜೆ ಗಾಂಧಿಬಜಾರಿನಲ್ಲಿ ಕಾಫಿಗೆ ಕೂತವರೆಲ್ಲ ‘ನಮ್ಮ ಹುಡುಗ’ ಎಂದರು. ಇಷ್ಟು ಸಾಕು, ಉಳಿದದ್ದನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ.

ಭಾಷೆಯ ಪ್ರಶ್ನೆ ಬಸವನಗುಡಿಯ ಹೈಸ್ಕೂಲುಗಳಿಗೆ ಬಿಸಿ ಮುಟ್ಟಿಸಿದಷ್ಟು ಬೇರೆ ಕಡೆ ಮುಟ್ಟಿಸಿರಲಾರದು. ಪ್ರೌಢಶಾಲೆಗೆ ಬಂದ ಹುಡುಗ ಪ್ರಥಮ ಭಾಷೆಯಾಗಿ ಸಂಸ್ಕೃತ ಆರಿಸಿಕೊಂಡರೆ ಕನ್ನಡವನ್ನು ಸಲೀಸಾಗಿ ದಾಟಿಬಿಡಬಹುದಿತ್ತು. ಸಂಸ್ಕೃತದ ಮೇಲಿನ ಭಕ್ತಿಗಿಂತ ಹೆಚ್ಚಾಗಿ ಅದರಲ್ಲಿ ಸಿಕ್ಕುವ ಅಂಕಗಳ ಮೇಲಿನ ಭಕ್ತಿ. ಸಂಸ್ಕೃತ ಪ್ರಥಮ ಭಾಷೆಯಾಗಿ ಉಳಿಯಬೇಕೆ ಎಂಬ ಪ್ರಶ್ನೆ 1979ರಲ್ಲಿ ಎದ್ದು, ವಿ.ಕೃ. ಗೋಕಾಕರ ಸಮಿತಿಯಾಗಿ, 1981ರಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಕನ್ನಡವೇ ಆಗಬೇಕು. ಸರ್ಕಾರ ವರದಿಯನ್ನು ಕಪಾಟಿಗೆ ಸೇರಿಸಲು ನೋಡಿದಾಗ ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ರಾಜ್‌ಕುಮಾರ್ ಇಳಿದರು. ಅದಾದ ಮೇಲೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. 1994ರ ಭಾಷಾ ಮಾಧ್ಯಮ ನೀತಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು ಎಂದರೆ ಸಾಕು. ಒಂದು ಕಾಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮೇಲೆ ಬಂದವರೇ ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು, ನಾನೂ ಸೇರಿ.

ಇದರ ಪರಿಣಾಮ ಬೆಂಗಳೂರಿನ ಎಲ್ಲ ಹಳೆಯ ಅನುದಾನಿತ ಶಾಲೆಗಳ ಮೇಲೂ ಆಗಿದೆ. ಅನುದಾನಿತ ಎಂದರೇನು ಎಂದು ಹೊಸ ತಲೆಮಾರಿಗೆ ಹೇಳಬೇಕಾಗಿದೆ: ಮೇಷ್ಟ್ರ ಸಂಬಳ ಸರ್ಕಾರದ್ದು, ಕಟ್ಟಡ ಮತ್ತು ಆಡಳಿತ ಸಂಘದ್ದು, ಫೀಸು ಹೆಸರಿಗಷ್ಟೆ. ಬಡವರ ಮನೆಯ ಹುಡುಗ ಬಡಾವಣೆಯ ಹಳೆಯ ಶಾಲೆಗೆ ಬರಲು ಸಾಧ್ಯವಾದದ್ದು ಈ ಏರ್ಪಾಟಿನಿಂದ. ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಕಡತ ವರ್ಷಗಟ್ಟಲೆ ಅಲೆಯುತ್ತದೆ. ಗಣಿತದ ಮೇಷ್ಟ್ರೇ ವಿಜ್ಞಾನ ಹೇಳಬೇಕು, ಕನ್ನಡದ ಮೇಡಮ್ಮೇ ಸಮಾಜ ಹೇಳಬೇಕು. 1995ರ ಮೇಲೆ ಹುಟ್ಟಿದ ಕನ್ನಡ ಮಾಧ್ಯಮದ ಖಾಸಗಿ ಶಾಲೆಗಳವರಂತೂ ಅನುದಾನಕ್ಕಾಗಿ ಧರಣಿ ಕೂತು ಕೂತು ಸೋತಿದ್ದಾರೆ. ಬಡಾವಣೆಯ ಮೂಲ ನಿವಾಸಿಗಳ ಮೊಮ್ಮಕ್ಕಳು ಈಗ ಹಳದಿ ಬಸ್ಸು ಹತ್ತಿ ದೂರದ ‘ಇಂಟರ್‌ನ್ಯಾಷನಲ್’ಗಳಿಗೆ ಹೋಗುತ್ತಾರೆ. ‘ನ್ಯಾಷನಲ್’ ಎಂಬ ಮಾತಿಗೆ ಮುಂದೊಂದು ‘ಇಂಟರ್’ ಸೇರಿದ ಕೂಡಲೇ ಫೀಸಿಗೆ ಎರಡು ಸೊನ್ನೆ ಸೇರುತ್ತದೆ. ಹಳೆಯ ಶಾಲೆಗಳ ಬೆಂಚುಗಳಿಗೆ ಬರುತ್ತಿರುವವರು ಹೂ ಮಾರುವವರ, ಗಾರೆ ಕೆಲಸದವರ, ಮನೆಗೆಲಸದವರ, ಆಟೋ ಓಡಿಸುವವರ ಮಕ್ಕಳು. ಉತ್ತರ ಕರ್ನಾಟಕದಿಂದಲೋ ಆಂಧ್ರದಿಂದಲೋ ಕೂಲಿಗೆ ಬಂದವರ ಮಕ್ಕಳು. ಹಳಬರು ಇದನ್ನು ಶಾಲೆಯ ಇಳಿಗಾಲ ಎಂದು ನಿಟ್ಟುಸಿರು ಬಿಡುವುದನ್ನು ಕೇಳಿದ್ದೇನೆ. ನನಗೆ ಅವರ ಮಾತು ಒಪ್ಪಿಗೆಯಿಲ್ಲ. ಹೊಸೂರಿನಿಂದ 1935ರಲ್ಲಿ ಬಂದ ಹುಡುಗನ ಮನೆಯೂ ಬಸವನಗುಡಿಯಲ್ಲಿ ಇರಲಿಲ್ಲ.

2017ರ ಜೂನ್‌ನಲ್ಲಿ, ಶಾಲೆಗೆ ನೂರು ತುಂಬಿದ ವರ್ಷದಲ್ಲೇ, ಹಸಿರು ಮಾರ್ಗದ ಮೆಟ್ರೊ ಈ ಕಡೆ ಓಡತೊಡಗಿತು. ಒಂದು ನಿಲ್ದಾಣದ ಹೆಸರು ‘ನ್ಯಾಷನಲ್ ಕಾಲೇಜು’. ರೈಲಿನ ದುಡ್ಡಿಲ್ಲದೆ ನಡೆದು ಬಂದವರು ಕಟ್ಟಿ ಬೆಳೆಸಿದ ಸಂಸ್ಥೆಯ ಹೆಸರು ಈಗ ರೈಲು ನಿಲ್ಲುವ ಜಾಗಕ್ಕೆ. ಎಚ್.ಎನ್. 2005ರ ಜನವರಿ 31ರಂದು ತೀರಿಕೊಂಡಿದ್ದರು. ಇದ್ದಿದ್ದರೆ ಟಿಕೆಟ್ಟಿನ ದರ ಎಷ್ಟು, ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಮೊದಲು ಕೇಳುತ್ತಿದ್ದರೋ ಏನೋ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆಯ ಗ್ರೂಪ್ ಫೋಟೊ, ಅಂಕಪಟ್ಟಿ, ಫೀಸಿನ ರಸೀದಿ, ಶಾಲೆಯ ವಾರ್ಷಿಕ ಸಂಚಿಕೆಗಳಿರಬಹುದು. ಗೆದ್ದಲು ಹಿಡಿಯುವ ಮುನ್ನ ಒಂದು ಪ್ರತಿ ಮಾಡಿಸಿ ಶಾಲೆಯ ಕಚೇರಿಗೆ ತಲುಪಿಸಿ. ಫೋಟೊದ ಹಿಂದೆ ಸಾಲಿನಲ್ಲಿರುವವರ ಹೆಸರು ಬರೆಯಿರಿ. ಕೊನೆಯ ಸಾಲಿನಲ್ಲಿ ನಿಂತ ಜವಾನರ ಹೆಸರನ್ನೂ ಬಿಡಬೇಡಿ. ಜತೆಗೆ ಒಂದೇ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಡಿ: ಯಾವ ಊರಿನಿಂದ ಬಂದಿರಿ, ಎಲ್ಲಿ ಉಳಿದುಕೊಂಡಿದ್ದಿರಿ, ಯಾರ ಮನೆಯಲ್ಲಿ ಉಂಡಿರಿ. ಬಡಿಸಿದ ತಾಯಿಯ ಹೆಸರು ನೆನಪಿದ್ದರೆ ಅದನ್ನು ಮೊದಲು ಬರೆಯಿರಿ.